ಜಗಲಿಯ ಮೇಲಿನ ಹುಕ್ಕಾ ಸಾಹೇಬ

ದೇವರ ಜಗಲಿಯನ್ನು ಅತಿಯಾಗಿ ಒರೆಸಬಾರದು ಎಂಬುದು ನನ್ನ ಈಚಿನ ಅಭಿಪ್ರಾಯ. ಊದಿನಕಡ್ಡಿಯ ಹೊಗೆ, ದೀಪದ ಮಸಿ, ಕುಂಕುಮ ಎಲ್ಲ ಸೇರಿ ಗಾಜಿನ ಮೇಲೆ ಒಂದು ಮಬ್ಬು ಕಟ್ಟಿರುತ್ತದೆ. ಆ ಮಬ್ಬಿನಲ್ಲಿ ದೇವರೂ ಆರಾಮ, ನಾವೂ ಆರಾಮ. ಶಹಾಬಾದಿನ ನಮ್ಮ ಮನೆಯಲ್ಲಿ, ಅತ್ತೆಯ ಮಾವ ಯಾವುದೋ ಹಳೆಯ ಬಂಗಲೆಯ ಸಾಮಾನಿನೊಂದಿಗೆ ತಂದ ಗಣಪತಿಯ ಫೋಟೊ ಇತ್ತು. ದೊಡ್ಡ ಹೊಟ್ಟೆ, ಇಳಿಬಿದ್ದ ಸೊಂಡಿಲು, ಕಾಲ ಬಳಿ ಇಲಿ. ಕಣ್ಣಿನ ಪೊರೆಯ ಆಪರೇಷನ್ನಿಗೆ ಕಲಬುರಗಿಗೆ ಹೊರಟ ಅತ್ತೆ ಅದಕ್ಕೇ ಗರಿಕೆ ಏರಿಸಿ, "ನಿನ್ನ ಮಾರಿ ಛಂದಾಗಿ ಕಾಣೂಹಾಂಗ ಮಾಡಪ್ಪ" ಎಂದು ಬೇಡಿಕೊಂಡಿದ್ದರು.

ಆಪರೇಷನ್ ಸುಸೂತ್ರವಾಗಿ ಮುಗಿಯಿತು, ದೇವರು ದೊಡ್ಡವನು. ಮರುದಿನ ಅತ್ತೆ ಬರುತ್ತಾರೆಂಬ ಸಂಭ್ರಮದಲ್ಲಿ ನಾನು ಗಾಜು ತಿಕ್ಕಿ ತೊಳೆದೆ. ಸೊಂಡಿಲು ಹುಕ್ಕಾದ ಕೊಳವೆಯಾಯಿತು. ಇಲಿ ಹೋಗಿ ನಾಯಿಮರಿ ಬಂತು. ಹೊಟ್ಟೆ ಮಾತ್ರ ಹೊಟ್ಟೆಯಾಗಿಯೇ ಉಳಿಯಿತು, ಕೋಟಿನ ಗುಂಡಿಗಳ ಸಮೇತ.

"ಇದು ಇಂಗ್ಲಿಷರ ಕಾಲದ ಕೆತ್ತನಿ ಚಿತ್ರ," ಎಂದರು ನಮ್ಮ ಮನೆಯವರು. "ತಮ್ಮ ಸಾಹೇಬನ್ನ ತಾವೇ ನಗಿ-ಚಾಷ್ಟಿ ಮಾಡಿ ಛಾಪಿಸ್ಯಾರ. ನೀ ಅಂವಗ ಮೋದಕಾ ತಿನಿಸೀದಿ."

"ನಾಳಿ ನಿಮ್ಮವ್ವ ನೋಡ್ತಾರಲ್ರಿ. ಅವರ ಮನಸ್ಸು ಮುರೀತದ."

"ಮತ್ತ ಮಸಿ ಹಚ್ಚು."

ನಿಜಕ್ಕೂ ದೀಪದ ಮಸಿ ಬೆರಳಿಗೆ ಹಚ್ಚಿಕೊಂಡು ಕುಳಿತೆ. ಆದರೆ ಚಿತ್ರ ನನ್ನನ್ನು ಒಳಗೆ ಕರೆದುಕೊಂಡುಬಿಟ್ಟಿತು. ಕೂದಲೆಳೆಯಂಥ ಗೀರುಗಳಲ್ಲಿ ಒಂದು ಹಳೆಯ ಮಧ್ಯಾಹ್ನ ಮಲಗಿತ್ತು. ವರಾಂಡದ ನೆಲಕ್ಕೆ ನಮ್ಮ ಶಹಾಬಾದಿನ ಪರಸಿಯಂಥದೇ ಹಾಸುಗಲ್ಲು. ಮೂಲೆಯಲ್ಲಿ ಒಬ್ಬ ಹೆಂಗಸು ಪಂಖಾದ ಹಗ್ಗ ಎಳೆಯುತ್ತ, ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದಳು. ಆ ಪಂಖಾದ ಗಾಳಿ ನನ್ನ ಹಣೆಗೂ ತಾಗಿದ ಹಾಗಾಯಿತು. ಪಾಪ, ಇವಳ ಮನೆಯ ಒಲೆಯ ಮೇಲೆ ಏನು ಕುದಿಯುತ್ತಿತ್ತೋ ಎಂದು ಯೋಚಿಸುವಷ್ಟರಲ್ಲಿ ನನ್ನ ಒಲೆಯ ಮೇಲಿನ ತೊಗರಿಬೇಳೆ ಸೀದು ಹೋಯಿತು. ತಳ ಮಾತ್ರ ಸೀದಿತ್ತು, ಅದೂ ದೇವರ ದಯೆಯೇ. ಮಸಿ ಹಚ್ಚುವ ಮನಸ್ಸು ಬರಲಿಲ್ಲ.

ಅತ್ತೆ ಬಂದವರೇ ಜಗಲಿಯ ಮುಂದೆ ಕೂತರು.

"ಸಾವಿತ್ರಿ, ಇಂವಾ ಯಾರ?"

"ಯಾವನೋ ಸಾಹೇಬ ಅಂತ್ರಿ ಅತ್ತಿ. ಗಣಪ್ಪ ಅಲ್ಲಂತ."

ಅತ್ತೆ ಗಾಜಿನ ಹತ್ತಿರ ಬಗ್ಗಿ ನೋಡಿದರು. "ಮಾರಿ ಛಂದಾಗಿ ಕಾಣಲಿ ಅಂದಿದ್ದೆ. ಮೀಸಿ ಸುದ್ದಾ ಕಾಣಲಿಕತ್ತದ. ನನ್ನ ಮಾತು ಗಣಪ್ಪ ಎಲ್ಲೋ ಕುಂತು ಕೇಳ್ಯಾನ, ಇಂವಾ ಪಾಪ ನಡುವ ಗರಿಕಿ ಹೊತ್ತಾನ. ಪಡಸಾಲ್ಯಾಗ ತೂಗಹಾಕು. ಇಲ್ಲಿ ಖರೆ ಗಣಪ್ಪನ್ನ ಇಡು." ಅಷ್ಟು ಹೇಳಿ ಮತ್ತೆ ಬಗ್ಗಿದರು. "ಈಕಿ ಯಾಕ ನಗಲಿಕತ್ತಾಳ?"

"ಸಾಹೇಬನ್ನ ನೋಡಿ ಇರಬೇಕ್ರಿ."

"ಇಲ್ಲಬೇ, ಛಂದಾಗಿ ನೋಡು."

ಹತ್ತಿರ ಹೋಗಿ ನೋಡಿದೆ. ಅವಳ ಕಣ್ಣು ಸಾಹೇಬನ ಮೇಲೆ ಇರಲೇ ಇಲ್ಲ. ನೇರ ಹೊರಗೆ, ದಿನವೂ ಆರತಿ ತಟ್ಟೆ ಹಿಡಿದು ನಾನು ನಿಲ್ಲುವ ಜಾಗದ ಮೇಲಿತ್ತು. ಮೆಲ್ಲಗೆ ಸೆರಗು ಸರಿಮಾಡಿಕೊಂಡೆ.