ಅಕ್ಕನನ್ನು ಜಗತ್ತಿಗೆ ತೋರಿಸಿದ್ದು

"ಗಂಡಿನ ಕಡೆಯವರಿಗೆ ಸ್ಟುಡಿಯೋ ಫೋಟೋ, ಅಂಚೆ ಲಕೋಟೆ ಎಲ್ಲ ಹಳೇ ಕಾಲದ್ದಮ್ಮ. ಅಕ್ಕನ್ನ ನಾನು ಜಗತ್ತಿಗೇ ತೋರಿಸ್ತೀನಿ" ಎಂದು ಘೋಷಿಸಿದೆ. ಇಂಟರ್ನೆಟ್ಟು ಮುಂಬಯಿಗೆ ಬಂದ ಹೊಸತು. ನಮ್ಮ ಕಾಲೇಜಿನಲ್ಲಿ ಸ್ವಂತ ಹೋಮ್ ಪೇಜ್ ಇದ್ದವನೇ ಮಹಾರಾಜ, ಉಳಿದವರೆಲ್ಲ ಬರೀ ಕ್ಯಾಂಟೀನ್ ಗಿರಾಕಿಗಳು! ಆಂಟಾಪ್ ಹಿಲ್ಲಿನ ನಮ್ಮ ಪುಟ್ಟ ಕ್ವಾರ್ಟರ್ಸಿನಲ್ಲಿ ಮೋಡೆಮ್ ಕಿರುಗುಟ್ಟುತ್ತಿದ್ದುದನ್ನು ನೆನೆದರೆ ಈಗಲೂ ಖುಷಿಯಾಗುತ್ತದೆ.

"ಏನಾದ್ರೂ ಮಾಡು, ಇದೊಂದು ಸಂಬಂಧಾನ ಕೆಡಿಸ್ಬೇಡ ಕಣೋ ಕಿಟ್ಟು" ಎಂದಳು ಅಕ್ಕ ಕೌಸಲ್ಯಾ. ಕಾಂದಿವಲಿಯ ರಾಮಸ್ವಾಮಿಯನ್ನು ಅವಳು ಯಾರದೋ ಮದುವೆಯಲ್ಲಿ ದೂರದಿಂದ ನೋಡಿ ಮೆಚ್ಚಿದ್ದಳು. ಬಂದ ಸಂಬಂಧಗಳೆಲ್ಲ ತಪ್ಪಿಹೋಗಿ ನಗುವುದನ್ನೇ ಮರೆತಿದ್ದ ಅಕ್ಕ, ಇದಾದರೂ ಆಗಲಿ ಎಂದು ಆಸೆಪಟ್ಟಿದ್ದಳು.

ಅಂಗಡಿಯಲ್ಲಿ ಎರಡು ಫೋಟೋ ಸ್ಕ್ಯಾನ್ ಮಾಡಿಸಿದೆ. ಒಂದು ಅಕ್ಕನದು. ಇನ್ನೊಂದು ಕಾಲೊನಿಯ ಗಣೇಶೋತ್ಸವದ ನಾಟಕದಲ್ಲಿ ನಾನು ಮೀಸೆ ಬೋಳಿಸಿ, ಸೀರೆಯುಟ್ಟು ರಾಣಿಯಾಗಿದ್ದದ್ದು. ಪೇಜಿಗೆ ಏರಿಸಿ, ಒಂದರ ಕೆಳಗೆ 'ನನ್ನ ಅಕ್ಕ ಕೌಸಲ್ಯಾ', ಇನ್ನೊಂದರ ಕೆಳಗೆ 'ರಾಣಿಯ ವೇಷದಲ್ಲಿ ನಾನು, ಕಿಟ್ಟು' ಎಂದು ಬರೆದೆ. ವಿದ್ಯಾರ್ಥಿಗಳ ಅಗ್ಗದ ಕನೆಕ್ಷನ್ನಿನಲ್ಲಿ ಅಕ್ಷರ ಮಾತ್ರ ಕಾಣುತ್ತಿತ್ತು. ಚಿತ್ರವಿರುವ ಕಡೆ ಬರೀ 'ಇಮೇಜ್' ಎಂಬ ಪದ. ಎರಡು ಕಡೆಯೂ ಆ ಪದ ಬಂತು. ಬಸ್, ಕೆಲಸ ಮುಗಿಯಿತು! ಜಾತಕದ ಕೆಳಗೆ ಹೋಮ್ ಪೇಜಿನ ವಿಳಾಸ ಬರೆದು ಕಾಂದಿವಲಿಗೆ ಕಳಿಸಿದೆವು.

ಭಾನುವಾರ ರಾಮಸ್ವಾಮಿ ತಾಯಿಯೊಂದಿಗೆ ಬಂದರು. ಅಕ್ಕ ಉಪ್ಪಿಟ್ಟಿನ ತಟ್ಟೆ ತಂದಳು. ಅವರ ತಾಯಿ ಪುಟ್ಟಲಕ್ಷ್ಮಿಯವರು ಅವಳನ್ನು ದಿಟ್ಟಿಸಿ, "ಈ ಹುಡುಗಿ ಅಲ್ವಲ್ಲ. ಫೋಟೋದಲ್ಲಿದ್ದ ಕೌಸಲ್ಯಾನ ಕರೀರಿ" ಎಂದರು.

"ಇವಳೇ ಕೌಸಲ್ಯಾ" ಎಂದಳು ಅಮ್ಮ.

ರಾಮಸ್ವಾಮಿ ಆಫೀಸಿನ ಕಂಪ್ಯೂಟರಿನಲ್ಲಿ ನೋಡಿ ತೆಗೆದ ಪ್ರಿಂಟ್ ಬಿಡಿಸಿದರು. 'ನನ್ನ ಅಕ್ಕ ಕೌಸಲ್ಯಾ' ಎಂಬುದರ ಮೇಲೆ ಕಿರೀಟ ತೊಟ್ಟು ನಾಚಿ ನಿಂತಿದ್ದವಳು ನಾನು! 'ರಾಣಿಯ ವೇಷದಲ್ಲಿ ನಾನು, ಕಿಟ್ಟು' ಎಂಬುದರ ಮೇಲೆ ಅಕ್ಕ! ಅಕ್ಕ ತಟ್ಟೆ ಇಟ್ಟವಳೇ ಕಣ್ಣೊರೆಸಿಕೊಂಡು ಅಡುಗೆಮನೆಗೆ ಹೋದಳು.

"ಅದು... ನಾನು. ಫೋಟೋ ಅದಲು ಬದಲಾಗಿದೆ" ಎಂದೆ.

"ಜಗತ್ತಿಗೆಲ್ಲ ಕಾಣೋ ಪೇಜು ನಿನಗೇ ಕಾಣ್ಲಿಲ್ವೇನೋ?" ಎಂದಳು ಅಮ್ಮ.

ಪುಟ್ಟಲಕ್ಷ್ಮಿಯವರು ಪ್ರಿಂಟನ್ನೂ ನನ್ನನ್ನೂ ನೋಡಿ, "ಹೌದು, ಮೂಗು ಅದೇ. ನಾನು ಒಪ್ಪಿದ್ದು ಇವನನ್ನಾ?" ಎಂದು ಕುಸಿದರು.

ರಾಮಸ್ವಾಮಿ ಮಾತ್ರ ದೊಡ್ಡದಾಗಿ ಉಸಿರು ಬಿಟ್ಟರು. "ಸದ್ಯ, ಬದುಕಿದೆ. ಅಮ್ಮ 'ಅಕ್ಕ' ಅಂತ ಬರೆದಿದ್ದ ಫೋಟೋನ ಒಪ್ಪಿದ್ರು, ನನಗೆ 'ರಾಣಿ ವೇಷದ ಕಿಟ್ಟು'ನೇ ಇಷ್ಟ ಆಗ್ಬಿಟ್ಟಿದ್ದ. ಇದನ್ನ ಯಾರ ಹತ್ರ ಹೇಳ್ಕೊಳ್ಳೋದು ಹೇಳಿ?"

ಅಡುಗೆಮನೆಯಿಂದ ಅಕ್ಕ ನಕ್ಕ ಸದ್ದು ಕೇಳಿತು. ಆ ನಗು ಕೇಳಿ ನನಗೇ ಅಳು ಬಂತು. ಆದರೆ ಪುಟ್ಟಲಕ್ಷ್ಮಿಯವರು ಇನ್ನೂ ಪ್ರಿಂಟಿನಿಂದ ಕಣ್ಣು ತೆಗೆದಿರಲಿಲ್ಲ.

"ಈ ಸೀರೆ ಉಡಿಸಿ, ತಲೆ ಬಾಚಿ, ಅಲಂಕಾರ ಮಾಡಿದ್ದು ಯಾರು?"

"ನಾನೇ" ಎಂದಳು ಅಕ್ಕ ಬಾಗಿಲಲ್ಲಿ ನಿಂತು.

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಪ್ರಿಂಟು ಮಡಚಿದರು.

"ಇಂಥದ್ದನ್ನೇ ಇಷ್ಟು ಲಕ್ಷಣವಾಗಿ ಮಾಡಿದ್ದಾಳೆ ಅಂದ್ಮೇಲೆ, ನಮ್ಮನೇನ ಹ್ಯಾಗಾದ್ರೂ ಸರಿಮಾಡ್ತಾಳೆ. ನನಗೂ ಒಪ್ಪಿಗೆ."