ಹೊಸ್ತಿಲಾಚೆಯ ತೊವ್ವೆ

ಇಡೀ ಕಾಶಿಯಲ್ಲಿ ತೊವ್ವೆಗಾಗಿ ಕಣ್ಣೀರಿಡುವ ಪುರೋಹಿತ ನಾನೊಬ್ಬನೇ ಇರಬೇಕು. (ಉಳಿದವರು ದಕ್ಷಿಣೆಗಾಗಿ ಇಡುತ್ತಾರೆ. ಅದು ಬೇರೆ ವಿಷಯ.)

ಹದಿನೈದು ವರ್ಷದ ನನ್ನ ಸಕ್ಕರೆ ಕಾಯಿಲೆ ಈಗ ಮೂತ್ರಪಿಂಡಕ್ಕೆ ದಯಮಾಡಿಸಿದೆ. ಇಲ್ಲಿನ ಲಂಕಾ ಬಡಾವಣೆಯ ಡಾಕ್ಟರು ನನ್ನ ರಿಪೋರ್ಟನ್ನು ಜಾತಕದಂತೆ ತಿರುಗಿಸಿ ನೋಡಿ, "ಪಂಡಿತ್‌ಜಿ, ಕ್ರಿಯಾಟಿನಿನ್ ಏರ್ತಾ ಇದೆ. ಪ್ರೋಟೀನ್ ಇಳಿಸದಿದ್ದರೆ ಡಯಾಲಿಸಿಸ್ಸೇ ಗತಿ" ಎಂದರು. ಊಟಕ್ಕೆ ನಾಲ್ಕರಂತೆ ದಪ್ಪ ಮಾತ್ರೆ ಬರೆದರು, ಪಥ್ಯದ ಹಾಳೆಯೊಂದನ್ನು ಕೊಟ್ಟರು. ನನ್ನ ಹೆಂಡತಿ ಪದ್ಮಾಬಾಯಿ ಅದರ ಮೊದಲ ಸಾಲು ಓದಿದಳು: "ದಾಲ್ ಕಮ್", ಬೇಳೆ ಕಡಿಮೆ. ಅಷ್ಟು ಸಾಕೆಂದು ಮಡಚಿ, ಅರಿಶಿನ ಕುಂಕುಮ ಹಚ್ಚಿ, ದೇವರ ಪೆಟ್ಟಿಗೆಯಲ್ಲಿಟ್ಟಳು.

ಅಂದಿನಿಂದ ನನಗೆ ಕೂತಲ್ಲಿ ಕೂಡಲಾಗದು, ನಿಂತಲ್ಲಿ ನಿಲ್ಲಲಾಗದು. ಸಂಧ್ಯಾವಂದನೆಗೆ ಕಣ್ಣು ಮುಚ್ಚಿದರೆ ಉದ್ದಿನವಡೆ ಉದಯಿಸುತ್ತದೆ. ತಡೆಯದೆ ಒಂದು ಬೆಳಿಗ್ಗೆ ಗಲ್ಲಿಯ ತುದಿಯ ಅಂಗಡಿಯಲ್ಲಿ ಉದ್ದಿನಬೇಳೆ ತುಂಬಿ ಕರಿದ ನಾಲ್ಕು ಕಚೌಡಿ ತಿಂದು, ಪ್ರಾಯಶ್ಚಿತ್ತವಾಗಿ ನಾಲ್ಕು ಮಾತ್ರೆ ನುಂಗಿದೆ. ಪಾಪ ನಾಲ್ಕು, ಪರಿಹಾರ ನಾಲ್ಕು. ಇದರಲ್ಲಿ ತಪ್ಪೇನಿದೆ?

"ಅಮ್ಮಾ, ಅಪ್ಪ ಕಚೌಡಿ ಖಾ ರಹೇ ಥೇ!" ಎಂದು ನನ್ನ ಸುಪುತ್ರ ಸಂಕರ್ಷಣ ಬಂದು ವರದಿ ಒಪ್ಪಿಸಿದ. ವಿಶ್ವವಿದ್ಯಾಲಯದಲ್ಲಿ ಓದುವ ಹುಡುಗ. ಚಾಡಿ ಹೇಳುವಾಗ ಮಾತ್ರ ಅವನ ಹಿಂದಿ ಬಹಳ ಶುದ್ಧ.

ಪದ್ಮಾಬಾಯಿಯ ವಿಚಾರಣೆ ಅಲ್ಲಿಗೇ ನಿಲ್ಲದೆ ಬ್ರಾಹ್ಮಣಾರ್ಥಕ್ಕೂ ಹಬ್ಬಿತು. ಶ್ರಾದ್ಧದಲ್ಲಿ ಪಿತೃಗಳ ಪರವಾಗಿ ಕೂತು ಉಣ್ಣುವುದು ನಮ್ಮ ವೃತ್ತಿ. ಎಲೆಗೆ ಬಿದ್ದ ವಡೆ ಬಿಡುವಂತಿಲ್ಲ.

"ಅದು ನಾನು ಉಣ್ಣೋದಲ್ಲವೇ, ಪಿತೃಗಳು ಉಣ್ಣೋದು!" ಎಂದೆ, ಗಂಭೀರವಾಗಿ.

"ಹೌದೇನ್ರೀ? ಹಂಗಾದ್ರ ಕ್ರಿಯಾಟಿನಿನ್ನೂ ಅವರಿಗೇ ಏರಬೇಕಿತ್ತಲ್ಲ?"

ನಾಲ್ಕು ಶಾಸ್ತ್ರ ಓದಿದ ನಾನು ಪಂಚಾಂಗ ತೆಗೆದು ಮುಖಕ್ಕೆ ಅಡ್ಡ ಹಿಡಿದೆ.

ಮರುದಿನ ರಾಯಚೂರಿನ ಹನ್ನೆರಡು ಯಾತ್ರಿಕರಿಗೆ ಮಣಿಕರ್ಣಿಕೆಯಲ್ಲಿ ಸಂಕಲ್ಪ ಮಾಡಿಸುತ್ತಿದ್ದೆ. ಕಾಶಿಗೆ ಬಂದವರು ಇಷ್ಟವಾದ ಒಂದು ಪದಾರ್ಥವನ್ನು ಗಂಗೆಗೆ ಬಿಡಬೇಕೆಂಬ ರೂಢಿ ಗೊತ್ತಲ್ಲ? ಯಜಮಾನರೊಬ್ಬರು "ಹಾಗಲಕಾಯಿ ಬಿಟ್ಟೀನ್ರಿ" ಎಂದು ಕೈ ತೊಳೆದುಕೊಂಡರು. ನನಗೆ ರೇಗಿತು.

"ಹಾಗಲಕಾಯಿ ಬಿಡೋದು ಯಾವ ತ್ಯಾಗ ಸ್ವಾಮಿ? ಬಿಟ್ಟರೆ ನಾಲಿಗೆ ಗೊಳೋ ಅಂತ ಅಳಬೇಕು! ಅಷ್ಟೇ ಅಲ್ಲ, ಕಾಶಿಯಲ್ಲಿ ಬಿಟ್ಟ ಪದಾರ್ಥ ಜನ್ಮದಲ್ಲಿ ಮನೆಯ ಹೊಸ್ತಿಲು ದಾಟಬಾರದು!"

(ಹೊಸ್ತಿಲಿನ ಮಾತು ಯಾವ ಶಾಸ್ತ್ರದಲ್ಲೂ ಇಲ್ಲ. ಸಭೆ ತೂಗಿತಲ್ಲ ಎಂದು ಸೇರಿಸಿದ್ದು.)

ಹನ್ನೆರಡೂ ತಲೆಗಳು ಭಕ್ತಿಯಿಂದ ಬಾಗಿದವು. ಸಾಲಿನ ಕೊನೆಗೆ ಹದಿಮೂರನೆಯ ತಲೆಯೊಂದು ಒದ್ದೆ ಸೀರೆಯಲ್ಲಿ ಬಂದು ಕೂತು ಬೊಗಸೆ ಒಡ್ಡಿತು. ಪದ್ಮಾಬಾಯಿ!

"ನನಗೂ ಸಂಕಲ್ಪ ಮಾಡಸ್ರಿ. ತೊಗರಿ, ಉದ್ದು, ಕಡ್ಲಿ, ಹೆಸರು. ಎಲ್ಲಾ ಬ್ಯಾಳಿ ಬಿಟ್ಟೆ."

"ಏ, ಮೆಲ್ಲಗೆ! ತೊವ್ವೆಯಿಲ್ಲದೆ ನಿನಗೇ ತುತ್ತು ಇಳಿಯೋದಿಲ್ಲವಲ್ಲೇ!"

"ನಾಲಿಗಿ ಅಳಬೇಕಂತ ನೀವೇ ಅಂದ್ರಿ. ಬ್ಯಾಳಿ ಹೋದ್ರ ಹೋಗ್ಲಿ, ನೀವು ಇರ್ರಿ."

ಉತ್ತರೀಯದಿಂದ ಕಣ್ಣೊರೆಸಿಕೊಂಡೆ. ಅರ್ಧ ಪ್ರೀತಿಗೆ, ಅರ್ಧ ತೊವ್ವೆಗೆ. ಹನ್ನೆರಡು ಜನರ ಎದುರು, ನನ್ನ ಬಾಯಿಂದಲೇ ಮಂತ್ರ ಹೇಳಿ, ನನ್ನ ಮನೆಯ ಬೇಳೆಯನ್ನು ನಾನೇ ಗಂಗೆಗೆ ಬಿಟ್ಟೆ.

ಸಂಜೆಯೊಳಗೆ ಡಬ್ಬಿಗಳು ಖಾಲಿಯಾದವು. ಯಾತ್ರಿಕರಿಗಾಗಿ ನಮ್ಮ ಮನೆಯಲ್ಲಾಗುತ್ತಿದ್ದ ಶ್ರಾದ್ಧದ ಅಡುಗೆ ಮಠಕ್ಕೆ ವರ್ಗವಾಯಿತು, ಬ್ರಾಹ್ಮಣಾರ್ಥ ಮಗನಿಗೆ. ಅವನು ತೇಗುತ್ತ ಬರುವ ಹೊತ್ತಿಗೆ ನಾನು ಸಬ್ಬಕ್ಕಿ ಗಂಜಿಯೊಂದಿಗೆ ಮಾತ್ರೆ ನುಂಗುತ್ತ ಕೂತಿರುತ್ತಿದ್ದೆ.

ತಿಂಗಳು ಕಳೆದು ಡಾಕ್ಟರಲ್ಲಿಗೆ ಹೋದೆವು. ಕ್ರಿಯಾಟಿನಿನ್ ಏರುವುದನ್ನು ನಿಲ್ಲಿಸಿತ್ತು. ಪದ್ಮಾಬಾಯಿ ಗಂಗೆಗೆ ಕೈ ಮುಗಿದಳು. ಡಾಕ್ಟರು ಮಾತ್ರ ನನ್ನ ಸೊರಗಿದ ತೋಳು ಹಿಡಿದು ಹೌಹಾರಿದರು.

"ದಾಲ್ ಪೂರಾ ಬಂದ್ ಮಾಡಿದ್ದೀರಾ? ಕಮ್ಮಿ ಅಂದರೆ ಬಂದ್ ಅಲ್ಲ ಪಂಡಿತ್‌ಜಿ! ದಿನಕ್ಕೊಂದು ಸಣ್ಣ ಬಟ್ಟಲು ತೆಳ್ಳನೆ ದಾಲ್ ಬೇಕೇ ಬೇಕು. ಹಾಳೆಯ ಎರಡನೇ ಸಾಲಿನಲ್ಲೇ ಇದೆಯಲ್ಲ?"

ಎರಡನೇ ಸಾಲು ಕುಂಕುಮದಡಿ ಐಕ್ಯವಾಗಿತ್ತು.

ಗಲ್ಲಿಯುದ್ದಕ್ಕೂ ಕುಣಿಯುತ್ತ ಮನೆಗೆ ಬಂದೆ, ಕೈಯಲ್ಲಿ ತೊಗರಿಬೇಳೆಯ ಪೊಟ್ಟಣ. ನನಗಿಂತ ಮೊದಲೇ ಮನೆ ಸೇರಿದ್ದ ಪದ್ಮಾಬಾಯಿ ಬಾಗಿಲಿಗೆ ಅಡ್ಡ ನಿಂತಳು.

"ಹೊಸ್ತಿಲ ದಾಟಬಾರದು ಅಂದಾವ್ರು ಯಾರ್ರೀ?"

ಹೀಗಾಗಿ ವೇದಮೂರ್ತಿ ವಾಸುದೇವಾಚಾರ್ಯನೆಂಬ ನಾನು ಈಗ ಪ್ರತಿ ಮಧ್ಯಾಹ್ನ ಸ್ವಂತ ಮನೆಯ ಹೊರಕಟ್ಟೆಯ ಮೇಲೆ ಮೂರು ಇಟ್ಟಿಗೆಯ ಒಲೆ ಹೂಡಿ, ಪಂಚೆಯುಟ್ಟು, ಬರಿಮೈಯಲ್ಲಿ ಒಂದು ಬಟ್ಟಲು ತೊವ್ವೆ ಬೇಯಿಸಿಕೊಳ್ಳುತ್ತೇನೆ. ನಿನ್ನೆ ಬಟ್ಟಲು ಬಾಯಿಗೆತ್ತುವಷ್ಟರಲ್ಲಿ, ಘಾಟಿನ ಭಿಕ್ಷುಕರಿಗೆ ಅಕ್ಕಿ ಹಂಚುತ್ತ ಬಂದ ಯಾತ್ರಿಕ ಅಜ್ಜಿಯೊಬ್ಬರು ನನ್ನ ಮೈ ನೋಡಿ, "ಅಯ್ಯೋ ಪಾಪ, ನಮ್ಮ ಕಡೆಯವನ ಹಾಗೆ ಕಾಣ್ತಾನೆ" ಎಂದು ಒಂದು ಹಿಡಿ ಅಕ್ಕಿಯನ್ನು ನನ್ನ ತೊವ್ವೆಯೊಳಕ್ಕೇ ಸುರಿದು ಮುಂದೆ ಹೋದರು.

ಒಳಗಿನಿಂದ ಪದ್ಮಾಬಾಯಿಯ ದನಿ ಬಂತು:

"ಅಕ್ಕಿಯಾಗೂ ಪ್ರೋಟೀನ್ ಇರ್ತದಂತ ರೀ. ಅರ್ಧ ತಗದಿಟ್ಟು ಉಣ್ರಿ!"