ಗಾಣದಂಥ ರೈಲಿಗೊಂದು ಕವಲು

ನಮ್ಮ ಸೋದರಮಾವ ಒಳ್ಳೆಯ ಸುದ್ದಿ ಕೇಳಿದರೆ ಹಾಸಿಗೆ ಹಿಡಿಯುತ್ತಾರೆ ಎಂದರೆ ನೀವು ನಂಬಲಿಕ್ಕಿಲ್ಲ. ಟಿ.ಬಿ. ಡ್ಯಾಂ ತುಂಬಿ ಗೇಟು ತೆಗೆದರಂತೆ ಎಂದು ಹೊಸಪೇಟೆಗೆ ಹೊಸಪೇಟೆಯೇ ಬಸ್ಸು ಹತ್ತಿ ಹೋದರೆ, ಇವರು ಮನೆಯ ಕಟ್ಟೆಯ ಮೇಲೆ ಕೂತು "ತುಂಬೇತಲ್ಲ, ಇನ್ನ ಖಾಲಿ ಆಗೋದೊಂದ ಬಾಕಿ" ಎನ್ನುತ್ತಾರೆ. ನನ್ನ ಮದುವೆಯಲ್ಲಿ ಅಕ್ಷತೆ ಹಾಕಿ, ನನ್ನ ಗಂಡನ ಕಿವಿಯಲ್ಲಿ ಏನೋ ಹೇಳಿದರು. ಆಶೀರ್ವಾದ ಎಂದುಕೊಂಡೆ. ಈ ಕಲ್ಯಾಣ ಮಂಟಪಕ್ಕೆ ಹಿಂಬಾಗಿಲು ಎಲ್ಲಿದೆ ನೋಡಿಟ್ಟುಕೋ, ಬೆಂಕಿ ಬಿದ್ದರೆ ಬೇಕಾಗುತ್ತದೆ ಎಂದಿದ್ದರಂತೆ!

ಸಂಡೂರು ರಸ್ತೆಯಲ್ಲಿ ಅವರದು ಅದಿರು ಲಾರಿಗಳ ಬಿಡಿಭಾಗದ ಅಂಗಡಿ ಇತ್ತು. ಲಾರಿಗಳು ಕಡಿಮೆಯಾಗಿ ಅಂಗಡಿ ಮುಚ್ಚಿತು. ಅದನ್ನವರು ಅಂಗಡಿ ತೆರೆದ ದಿನವೇ ಹೇಳಿದ್ದರು. ಆದರೆ ತಮ್ಮ ಹೆಂಡತಿಗೆ, ಅಂದರೆ ನಮ್ಮ ಅತ್ತೆಗೆ, ಲಕ್ವ ಹೊಡೆಯುತ್ತದೆಂದು ಮಾತ್ರ ಯಾವತ್ತೂ ಹೇಳಿರಲಿಲ್ಲ. ಒಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದ ಅತ್ತೆ ಕೂತಲ್ಲೇ ವಾಲಿದರು. ಬಲಗಾಲು ಹೋಯಿತು, ಬಲಗೈಯಲ್ಲಿ ಬೆರಳ ತುದಿಯ ಅಲುಗಾಟವಷ್ಟೇ ಉಳಿಯಿತು. ದಿನವೆಲ್ಲ ಮಾತಾಡುತ್ತಿದ್ದ ಬಾಯಲ್ಲಿ ಈಗ ಒಂದೊಂದೇ ಶಬ್ದ, ಅದೂ ಬಂದರೆ ಬಂತು. ಬೆರಳುಗಳಿಗೆ ಕೆಲಸ ಕೊಡದಿದ್ದರೆ ಇದ್ದದ್ದೂ ಹೋಗುತ್ತದೆ ಎಂದು ಡಾಕ್ಟರು ಒತ್ತಲಿಕ್ಕೆ ರಬ್ಬರ್ ಚೆಂಡು ಕೊಟ್ಟರು. ಅತ್ತೆ ಚೆಂಡನ್ನು ನೆಲಕ್ಕೆ ಉರುಳಿಸಿ ಗೋಡೆಯ ಕಡೆ ತಿರುಗಿದರು. ತಿಂಗಳುಗಟ್ಟಲೆ ಗೋಡೆಯನ್ನೇ ನೋಡಿದರು.

ಆ ಹೊತ್ತಿಗೆ ಕಂಪ್ಲಿಯಲ್ಲಿ ನೆಂಟರ ಮಗುವಿನ ನಾಮಕರಣ ಬಂತು. ಉಡುಗೊರೆಗೆಂದು ಮಾವ ಹುಬ್ಬಳ್ಳಿಯಿಂದ ಆಟಿಕೆ ರೈಲಿನ ಪೆಟ್ಟಿಗೆ ತಂದರು. ಒಂದು ಇಂಜಿನ್ನು, ಮೂರು ಡಬ್ಬಿ, ಮೊಟ್ಟೆಯಾಕಾರದ ಹಳಿ. ಹೊಸದಾಗಿ ಕಲಿಯುವವರಿಗೆ ಎಂದು ಮೇಲೆಯೇ ಬರೆದಿತ್ತು. ಕೆಟ್ಟಿರಬಹುದೆಂದು ಪರೀಕ್ಷಿಸಲು ಬಿಚ್ಚಿದವರು ವಾಪಸು ಕಟ್ಟಲೇ ಇಲ್ಲ. ಮಗುವಿಗೆ ಸ್ಟೀಲಿನ ಕೊಡ ಹೋಯಿತು. ತೊಟ್ಟಿಲ ಕೂಸಿಗೆ ಕೊಡ ಯಾಕೆ ಎಂದು ಕಂಪ್ಲಿಯವರು ಇವತ್ತಿಗೂ ಕೇಳುತ್ತಾರೆ.

ಹಳಿಯನ್ನು ಅತ್ತೆಯ ಮಂಚದ ಪಕ್ಕ, ಗೋಡೆಯ ಕಡೆಯೇ ಹಾಸಿದರು. ಗೋಡೆ ನೋಡುವವರು ರೈಲನ್ನೂ ನೋಡಲೇಬೇಕಲ್ಲ? ಅದು ಸುತ್ತಿತು, ಸುತ್ತಿತು, ಸುತ್ತುತ್ತಲೇ ಇತ್ತು. ಬಹಳ ಹೊತ್ತು ನೋಡಿ ಅತ್ತೆ ಕಷ್ಟಪಟ್ಟು ತುಟಿ ಬಿಚ್ಚಿದರು.

"ಗಾಣ."

ಮಾವನಿಗೆ ಆ ಮಾತು ನಾಟಿಬಿಟ್ಟಿತು. ಮರುದಿನವೇ ನನಗೆ ಫೋನು. ರೈಲು ಸುತ್ತಿದಲ್ಲೇ ಸುತ್ತಬಾರದು, ಎಲ್ಲಿಗಾದರೂ ಹೋಗಬೇಕು, ಅದಕ್ಕೆ ಏನು ತರಿಸಬೇಕು ನೋಡು ಎಂದರು. ನಾನು ವಿಚಾರಿಸಿದೆ. ಒಂದು ಹಳಿ ಎರಡಾಗಿ ಕವಲೊಡೆಯುವ ತುಂಡು ಬೇಕು. ರೈಲಿನವರು ಅದಕ್ಕೆ ಪಾಯಿಂಟು ಎನ್ನುತ್ತಾರೆ. ಎಡಕ್ಕೆ ಒಡೆಯುವುದು ಬೇರೆ, ಬಲಕ್ಕೆ ಒಡೆಯುವುದು ಬೇರೆ. ಪಕ್ಕಕ್ಕೆ ಹೋದ ರೈಲು ಮುಂದೆ ಮತ್ತೆ ಅದೇ ಹಳಿಗೆ ಕೂಡಬೇಕಾದರೆ ಒಂದು ಎಡ, ಒಂದು ಬಲ ತರಿಸಬೇಕು. ಇಷ್ಟೆಲ್ಲ ಹೇಳಿದೆ. ಮಾವ ತರಿಸಿದ್ದು ಎರಡೂ ಬಲದವು. ಹೊಸದಾಗಿ ಮನೆಗೆ ಬರುವಂಥದ್ದು ಎಡಕ್ಕೆ ತಿರುಗಬಾರದಂತೆ! ಜೋಡಿಸಿದರೆ ಒಂದು ಕವಲು ದೇವರ ಕೋಣೆಯ ಹೊಸ್ತಿಲಿಗೆ, ಇನ್ನೊಂದು ಮಂಚದ ಕೆಳಗಿನ ಕತ್ತಲಿಗೆ ಹೋಯಿತು. ಕೂಡುವ ಮಾತೇ ಇಲ್ಲ. ಶಕುನ ಬಿಟ್ಟು ಎಡದ್ದೊಂದನ್ನು ತರಿಸಿದ್ದಾಯಿತು.

ಆಮೇಲೆ ಇನ್ನೊಂದು ತಕರಾರು. ಕೈಯಿಂದ ತಿರುಗಿಸುವ ಪಾಯಿಂಟು ಸಾಕು, ಹೊಸಬರಿಗೆ ಅದೇ ಸುಲಭ ಎಂದು ನಾನೂ, ಇವನ್ನೆಲ್ಲ ಕಳಿಸುತ್ತಿದ್ದ ಬೆಂಗಳೂರಿನ ಆಟಿಕೆ ಅಂಗಡಿಯವನೂ ಹೇಳಿದೆವು. ಮಾವ ಕರೆಂಟಿನದೇ ಬೇಕೆಂದು ಹಟ ಹಿಡಿದರು. ಯಾಕೆಂದು ಕೇಳಿದ್ದಕ್ಕೆ ಅತ್ತೆಯ ಬಲಗೈ ತೋರಿಸಿದರು. ಹಳಿ ಹೊರಳಿಸುವ ಗುಂಡಿಯನ್ನು ಆ ಬೆರಳ ಕೆಳಗೆ ಇಡುವುದು ಅವರ ಯೋಚನೆ.

ಗುಂಡಿ ಇಟ್ಟರು. ರೈಲು ಹತ್ತಿರ ಬಂದಾಗ ಅತ್ತೆ ಒತ್ತಿದರು. ಟಕ್ ಎಂದು ಹಳಿ ಹೊರಳಿತು, ರೈಲು ಪಕ್ಕಕ್ಕೆ ಹೋಯಿತು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಅಷ್ಟರಲ್ಲಿ ಸುಟ್ಟ ವಾಸನೆ ಬಂತು. ಗುಂಡಿಯನ್ನು ಒಮ್ಮೆ ಒತ್ತಿ ತಕ್ಷಣ ಬಿಡಬೇಕಿತ್ತು. ಅತ್ತೆಯ ಬೆರಳು ಕೆಳಗಿಳಿಯುತ್ತಿತ್ತೇ ಹೊರತು ಬೇಗ ಮೇಲೇಳುತ್ತಿರಲಿಲ್ಲ. ಪಾಯಿಂಟಿನ ಒಳಗಿನ ತಂತಿ ಕಾದು ಕರಕಲಾಗಿತ್ತು. ಅತ್ತೆ ಎಡಗೈಯಿಂದ ಬಲಗೈಯನ್ನು ಎತ್ತಿ ಸೆರಗಿನೊಳಗೆ ಮುಚ್ಚಿಕೊಂಡು ಗೋಡೆಯ ಕಡೆಗೂ ತಿರುಗದೆ, ನಮ್ಮ ಕಡೆಗೂ ತಿರುಗದೆ, ಸುಮ್ಮನೆ ಕಣ್ಣು ಮುಚ್ಚಿದರು. ಕಣ್ಣಂಚಿನಿಂದ ನೀರಿಳಿಯಿತು. ಮಾಲು ಕೆಟ್ಟದ್ದು, ಹಿಂಗಾಗುತ್ತದೆಂದು ತನಗೆ ಮೊದಲೇ ಗೊತ್ತಿತ್ತು ಎಂದು ಮಾವ ಗಟ್ಟಿಯಾಗಿ ಸುಳ್ಳು ಹೇಳಿದರು.

ಹೊರಗೆ ಬಂದು ಬೆಂಗಳೂರಿನ ಅಂಗಡಿಗೆ ಫೋನು ಹಚ್ಚಿದರು. ಅಂಗಡಿಯವನು, ಅಷ್ಟು ಹೊತ್ತು ಯಾರೂ ಒತ್ತಿ ಹಿಡಿಯುವುದಿಲ್ಲ ಸಾರ್ ಎಂದನಂತೆ. ಲಾರಿಯವರ ಮೇಲೆ ರೇಗಿಯೇ ಗಂಟಲು ಒಡೆದುಕೊಂಡಿದ್ದ ಮಾವ ಅವತ್ತು ಮೆತ್ತಗೆ ಹೇಳಿದರು:

"ನಮ್ಮನಿಯಾಕಿಗೆ ಒತ್ತಾಕ ಬರ್ತತಿ, ಜಲ್ದಿ ಬಿಡಾಕ ಬರಂಗಿಲ್ರಿ. ಎಷ್ಟೊತ್ತು ಹಿಡದ್ರೂ ಸುಡಲಾರದ್ದು ಐತೇನ್ರಿ?"

ಇತ್ತು. ನಿಧಾನವಾಗಿ ಹಳಿ ಸರಿಸುವ ಮೋಟಾರು. ಒತ್ತಿ ಹಿಡಿದಷ್ಟು ಹೊತ್ತೂ ತೆಪ್ಪಗಿರುತ್ತದೆ. ಅದನ್ನು ಹಳಿಯ ಅಡಿಗೆ ಕೂರಿಸಬೇಕಾದ್ದರಿಂದ ಹಳೆಯ ಅಂಗಡಿಯ ಹಲಗೆಗಳು ಮಂಚದ ಎತ್ತರಕ್ಕೆ ಎದ್ದು ನಿಂತವು. ಗುಂಡಿ ದೊಡ್ಡದಿರಲಿ ಎಂದು ಮಾರಾಟವಾಗದೆ ಉಳಿದ ಲಾರಿ ಹಾರ್ನಿನ ಗುಂಡಿ ಹಾಕಿದರು. ಒತ್ತಿದರೆ ರೈಲು ಪಕ್ಕದ ಹಳಿಗೆ, ಬಿಟ್ಟರೆ ನೆಟ್ಟಗೆ. ಅತ್ತೆಯನ್ನು ಒಪ್ಪಿಸಲಿಕ್ಕೆ ವಾರಗಳೇ ಬೇಕಾದವು. ಕೊನೆಗೆ ಒಂದು ದಿನ ಕೈ ಸೆರಗಿನಿಂದ ಹೊರಗೆ ಬಂತು, ಆಮೇಲೆ ದಿನವೂ ಗುಂಡಿ ಒತ್ತತೊಡಗಿತು. ಕೆಲವು ವಾರದ ಮೇಲೆ ಡಾಕ್ಟರು ನೋಡಿ, ಬೆರಳು ಪರವಾಗಿಲ್ಲ, ಆದರೆ ಕಾಲು ಮತ್ತು ಮಾತು ಇಷ್ಟೇ, ಇನ್ನು ಹೆಚ್ಚು ನಿರೀಕ್ಷಿಸಬೇಡಿ ಎಂದು ಹೇಳಿ ಹೋದರು.

ಆ ಸಂಜೆ ನಾನೂ ಅಲ್ಲಿದ್ದೆ. ರೈಲು ಬಂತು, ಅತ್ತೆ ಒತ್ತಿದರು. ಇಂಜಿನ್ನು ಕವಲಿಗೆ ಹೊರಳಿ ಡಬ್ಬಿಗಳು ಇನ್ನೂ ಹಿಂದಿರುವಾಗ ಬೆರಳು ಮೇಲೆದ್ದಿತು. ಹಳಿ ನಡುವೆಯೇ ಸರಿಯಿತು. ಇಂಜಿನ್ನು ಒಂದು ದಾರಿ, ಡಬ್ಬಿಗಳು ಒಂದು ದಾರಿ. ಎಲ್ಲ ಮಗುಚಿ ಬಿದ್ದವು. ಪಾಪ, ಕೈ ಸೋತಿತು ಎಂದುಕೊಂಡೆ. ಮಾವ ಎಲ್ಲವನ್ನೂ ಎತ್ತಿ ಕೂರಿಸಿದರು. ಮುಂದಿನ ಸುತ್ತಿನಲ್ಲಿ ಮತ್ತೆ ಅದೇ ಜಾಗದಲ್ಲಿ ಬೆರಳು ಎದ್ದಿತು, ಮತ್ತೆ ಬಿದ್ದವು. ತಲೆಯೆತ್ತಿ ನೋಡಿದರೆ ಅತ್ತೆಯ ಬಾಯಿ ಒಂದು ಕಡೆಗೆ ಎಳೆದುಕೊಂಡಿತ್ತು. ನೋವೇನೋ ಎಂದು ನಾನು ಎದ್ದೆ. ನೋವಲ್ಲ. ಲಕ್ವ ಹೊಡೆದ ಮೇಲೆ ಮೊದಲ ಸಲ, ಅರ್ಧ ಬಾಯಲ್ಲಿ, ಅತ್ತೆ ನಗುತ್ತಿದ್ದರು.

ಮಾವ ಅವರ ಮುಖವನ್ನೇ ನೋಡುತ್ತ ನಿಂತರು. ಆಮೇಲೆ ಬಗ್ಗಿ ಒಂದೊಂದೇ ಡಬ್ಬಿಯನ್ನು ಹಳಿಯ ಮೇಲಿಟ್ಟು ಇಂಜಿನ್ನಿಗೆ ಸಿಕ್ಕಿಸಿದರು.

"ಇನ್ನೊಮ್ಮೆ ಕೆಡವು," ಎಂದರು. "ನಾ ಎತ್ತಿಡ್ತೀನಿ."